ಮಿದುಳಿನೊಳಗಿನ ತಂತಿ ಮತ್ತು ಅದರ ಲೇಪ



ಕೈ ನಡುಗುವ ಹಿರಿಯರನ್ನು ಕಂಡರೆ ‘ವಯಸ್ಸಾಯಿತು, ಬಿಡಿ’ ಎಂದು ನಾವು ಸುಮ್ಮನಾಗುತ್ತೇವೆ. ಆ ನಡುಕ ಕೆಲವೊಮ್ಮೆ ಕಂಪವಾತ, ಅಂದರೆ ಪಾರ್ಕಿನ್ಸನ್ ರೋಗವಾಗಿರಬಹುದು. ಅದಕ್ಕೆ ಮೊದಲು ಮಾತ್ರೆಗಳುಂಟು. ಮಾತ್ರೆಯ ಗುಣ ಸಾಲದಾದಾಗ ಕೆಲವರಿಗೆ ಮಿದುಳಿನ ಆಳದಲ್ಲಿ ತಂತಿಯಿಟ್ಟು ವಿದ್ಯುತ್ತಿನ ಮಿಡಿತ ಕೊಡುತ್ತಾರೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಡಾ. ಬೆನಬಿದ್ ಅವರು 1987ರಲ್ಲಿ ಈ ದಾರಿ ತೋರಿದರು. ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ನಮಗೆ ಹೈದರಾಬಾದಿನ ನಿಮ್ಸ್ ಆಸ್ಪತ್ರೆ ಹತ್ತಿರ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಈ ಚಿಕಿತ್ಸೆಯುಂಟು. ಇದು ರೋಗವನ್ನು ಬೇರುಸಹಿತ ಕೀಳುವುದಿಲ್ಲ. ನಡುಕ, ಬಿಗಿತಗಳನ್ನು ತಗ್ಗಿಸುತ್ತದೆ.

ಈ ತಂತಿ ಹೇಗಿರುತ್ತದೆ? ಬಹುಕಾಲದಿಂದ ಬಳಕೆಯಲ್ಲಿರುವ ಮಾದರಿಯ ದಪ್ಪ 1.27 ಮಿಲಿಮೀಟರ್. ಮೈಗೆಲ್ಲ ವಿದ್ಯುತ್ತು ಹಾಯದ ಪಾಲಿಯುರೇಥೇನ್ ಹೊದಿಕೆ. ತುದಿಯಲ್ಲಿ ಪ್ಲಾಟಿನಂ-ಇರಿಡಿಯಂ ಲೋಹದ ನಾಲ್ಕು ಉಂಗುರಗಳಿಗೆ ಮಾತ್ರ ಹೊದಿಕೆಯಿಲ್ಲ. ಎದೆಯ ಚರ್ಮದ ಕೆಳಗಿಟ್ಟ ಬ್ಯಾಟರಿಯಿಂದ ಸೆಕೆಂಡಿಗೆ ಸುಮಾರು 130 ಮಿಡಿತಗಳು ಅಲ್ಲಿಗೆ ಬರುತ್ತವೆ.

ಅಲ್ಲೊಂದು ಗಡಿಯಿದೆ. ಲೋಹದಲ್ಲಿ ವಿದ್ಯುತ್ತನ್ನು ಒಯ್ಯುವುದು ಎಲೆಕ್ಟ್ರಾನುಗಳು. ಮಿದುಳಿನ ಉಪ್ಪುನೀರಿನಲ್ಲಿ ಸೋಡಿಯಂ, ಕ್ಲೋರೈಡ್ ಮುಂತಾದ ಅಯಾನುಗಳು. ನಾವು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಆಡುವಂತೆ, ಆ ಗಡಿಯಲ್ಲಿ ವಿದ್ಯುತ್ತು ತನ್ನ ಭಾಷೆ ಬದಲಿಸಬೇಕು. ಅಲ್ಲಿ ಕೊಟ್ಟಷ್ಟನ್ನೇ ಮರುಕ್ಷಣ ಹಿಂದಕ್ಕೆ ಪಡೆಯುತ್ತಾರೆ. ಜಮಾ-ಖರ್ಚು ಸರಿದೂಗದಿದ್ದರೆ ಲೋಹವೂ ಸವೆಯುತ್ತದೆ, ಮಿದುಳಿಗೂ ಕೇಡು.

ತಂತಿ ಇಟ್ಟ ಕೆಲವು ವಾರಗಳಲ್ಲಿ ಮಿದುಳು ಅದರ ಸುತ್ತ ಗಾಯದ ಪೊರೆ ಕಟ್ಟುತ್ತದೆ. ವಿದ್ಯುತ್ತಿಗಿರುವ ತಡೆ ಬದಲಾಗುತ್ತದೆ. ಟ್ರ್ಯಾಕ್ಟರಿನ ಬ್ಯಾಟರಿ ಚೆನ್ನಾಗಿದ್ದರೂ ಟರ್ಮಿನಲ್ಲಿಗೆ ಬಿಳಿ ಪುಡಿ ಕಟ್ಟಿದರೆ ಗಾಡಿ ಏಳುವುದಿಲ್ಲವಲ್ಲ, ಹಾಗೆ ಇಲ್ಲಿಯೂ ಅಂಚಿನದೇ ಮುಖ್ಯ ಮಾತು. ಸಂಶೋಧನೆಯಲ್ಲಿ ಬಳಸುವ ಕೂದಲೆಳೆಯಂಥ ತಂತಿಗಳ ತುದಿ ಬಹಳ ಚಿಕ್ಕದು, ಆದ್ದರಿಂದ ತಡೆ ಬಹಳ ದೊಡ್ಡದು. ಅದಕ್ಕೆಂದು ಆ ತುದಿಗೆ ಇರಿಡಿಯಂ ಆಕ್ಸೈಡನ್ನೋ, ಪೆಡಾಟ್ ಎಂಬ ವಿದ್ಯುತ್ತು ಹಾಯುವ ಪ್ಲಾಸ್ಟಿಕ್ಕನ್ನೋ ಲೇಪಿಸುತ್ತಾರೆ. ಈ ಲೇಪ ಸ್ಪಂಜಿನಂತೆ. ಜಾಗ ಅಷ್ಟೇ ಇದ್ದರೂ ಒಂದು ಕೌಂಟರಿನ ಕಡೆ ಹತ್ತು ಕೌಂಟರು ತೆರೆದಂತಾಗಿ ತಡೆ ಇಳಿಯುತ್ತದೆ. ಲೇಪ ಬಿರಿದು ಎದ್ದುಬಂದರೆ ಆ ಲಾಭ ಹೋಯಿತು. ವರ್ಷಗಟ್ಟಲೆ ಬಾಳುವ ಲೇಪಕ್ಕಾಗಿ ಹುಡುಕಾಟ ನಡೆದೇ ಇದೆ.

ಇನ್ನು ಮನೆಯವರು ನೆನಪಿಡಬೇಕಾದ ಮಾತು. ಅಡಗಿದ್ದ ನಡುಕ ಹಠಾತ್ತನೆ ಮರಳಿದರೆ ರೋಗ ಬಲಿಯಿತೆಂದು ಕೈಚೆಲ್ಲಬೇಡಿ. ತಂತಿಯ ತಡೆ ಎಷ್ಟು ಓಮ್ ಇದೆಯೆಂದು ವೈದ್ಯರು ಹೊರಗಿನಿಂದಲೇ ಅಳೆಯಬಲ್ಲರು. ತೀರ ಹೆಚ್ಚಿದ್ದರೆ ತಂತಿ ಕಡಿದಿರಬಹುದು; ತೀರ ಕಡಿಮೆಯಿದ್ದರೆ ಹೊದಿಕೆ ಹರಿದು ವಿದ್ಯುತ್ತು ಅಡ್ಡದಾರಿ ಹಿಡಿದಿರಬಹುದು. ಬ್ಯಾಟರಿ ತೀರಿರಲೂಬಹುದು. ಇವನ್ನೆಲ್ಲ ಸರಿಪಡಿಸಲು ಬರುತ್ತದೆ. ತಂತಿ ಇರುವವರಿಗೆ ಬೆನ್ನುನೋವಿಗೆಂದು ಡಯಥರ್ಮಿ ಶಾಖ ಕೊಡಿಸಲೇಬೇಡಿ. ಆ ಶಾಖ ತಂತಿಯ ತುದಿಯಲ್ಲಿ ಕೂಡಿ ಮಿದುಳನ್ನು ಸುಡುತ್ತದೆ, ಪ್ರಾಣಕ್ಕೆ ಅಪಾಯ. ಆಸ್ಪತ್ರೆಯವರು ಕೊಟ್ಟ ಕಾರ್ಡು ಸದಾ ಜೇಬಿನಲ್ಲಿರಲಿ. ಯಾವ ದವಾಖಾನೆಗೆ ಹೋದರೂ ಮೊದಲು ಅದನ್ನು ತೋರಿಸಿ.