ಹಿರಿಯರ ಕಾಯಿಲೆಗೊಂದು ಅಳತೆ

ಹೆದ್ದಾರಿಯಲ್ಲಿ ಹೋಗುವವರು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಇಳಿದು ಅಲ್ಲಿಯ ರಾಕ್ ಗಾರ್ಡನ್ ನೋಡುವುದುಂಟು. ಹಳ್ಳಿಯ ಮನೆ, ದನಕರು, ದುಡಿಯುವ ಗಂಡು ಹೆಣ್ಣು ಎಲ್ಲವೂ ಅಲ್ಲಿ ಶಿಲ್ಪಗಳಾಗಿ ನಿಂತಿವೆ. ಆದರೆ ಅದೇ ಊರಿನ, ಅಂಥ ಎಷ್ಟೋ ಊರುಗಳ ಹಿರಿಯರು ಬಾಯಿಬಿಟ್ಟು ಹೇಳದ ಸಂಗತಿಯೊಂದಿದೆ. ರಾತ್ರಿ ಮೂರು ನಾಲ್ಕು ಸಲ ಏಳಬೇಕು. ಎದ್ದರೂ ಮೂತ್ರ ಸರಾಗವಾಗಿ ಬರುವುದಿಲ್ಲ. ಇಂದು ನಾನು ತಮ್ಮೊಡನೆ ಆಡಬೇಕೆಂದಿರುವುದು ಅದರ ಮಾತನ್ನೇ. ತಾಯಂದಿರೂ ಕೇಳಬೇಕು, ಯಜಮಾನರನ್ನು ಆಸ್ಪತ್ರೆಗೆ ಹೊರಡಿಸುವವರು ಕಡೆಗೆ ಅವರೇ ತಾನೆ!

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು ಪ್ರಾಸ್ಟೇಟ್ ಎಂಬ ಗ್ರಂಥಿಯಿದೆ. ತಾರುಣ್ಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. ಐವತ್ತು ದಾಟಿದ ಮೇಲೆ ಅದು ಬೆಳೆಯುವುದು ಸಾಮಾನ್ಯ. ಆ ಬೆಳವಣಿಗೆಯೇ ಕ್ಯಾನ್ಸರ್ ಎಂದು ತಿಳಿದು ಎದೆಗುಂದಬೇಡಿರಿ. ಕ್ಯಾನ್ಸರ್ ಹುಟ್ಟಿದರೆ ಅದು ಹೆಚ್ಚಾಗಿ ಗ್ರಂಥಿಯ ಹೊರ ಅಂಚಿನಲ್ಲಿ ಹುಟ್ಟುತ್ತದೆ, ಮೊದಮೊದಲು ಯಾವ ತೊಂದರೆಯನ್ನೂ ಕೊಡದೆ ಇರಬಹುದು. ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಒಂದು ಸುಳಿವು ಕೊಡುತ್ತದೆ. ಆದರೆ ಬರಿಯ ಬಾವು, ಬರಿಯ ಬೆಳವಣಿಗೆಯಿಂದಲೂ ಆ ಅಂಕಿ ಏರುತ್ತದೆ. ಹಿಂದೆ ಅಂಕಿ ಏರಿತೆಂದರೆ ಸೂಜಿ ಚುಚ್ಚಿ ಹತ್ತು ಹನ್ನೆರಡು ಕಡೆಯಿಂದ ಚೂರು ತೆಗೆಯುತ್ತಿದ್ದರು. ರೋಗದ ಜಾಗ ಕಾಣದೆ ಚುಚ್ಚಿದ್ದರಿಂದ ಅದು ತಪ್ಪಿಹೋಗುವುದೂ ಇತ್ತು. ಸೂಜಿಗೆ ಮುಂಚೆ ಎಂ.ಆರ್.ಐ. ಚಿತ್ರ ತೆಗೆದರೆ ಏನಾಗುತ್ತದೆಂದು ಬ್ರಿಟನ್ನಿನಲ್ಲಿ 576 ಗಂಡಸರನ್ನು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು: ನಾಲ್ವರಲ್ಲಿ ಒಬ್ಬರಿಗೆ ಸೂಜಿಯನ್ನೇ ತಪ್ಪಿಸಬಹುದಾಗಿತ್ತು.

ಆದರೆ ಚಿತ್ರವೆಂದರೆ ಕಪ್ಪು ಬಿಳುಪು. ಒಬ್ಬ ವೈದ್ಯರಿಗೆ ಕಪ್ಪಾಗಿ ಕಂಡದ್ದು ಇನ್ನೊಬ್ಬರಿಗೆ ಬೂದಿಬಣ್ಣವಾಗಿ ಕಂಡೀತು. ಬ್ಯಾಡಗಿ ಮೆಣಸಿನಕಾಯಿಯ ಕೆಂಪನ್ನು ನುರಿತ ವ್ಯಾಪಾರಿ ಕಣ್ಣಿನಿಂದಲೇ ಹೇಳುತ್ತಾನೆ, ನಿಜ. ಆದರೂ ಇಂದು ಅದರ ಬಣ್ಣವನ್ನು ಪ್ರಯೋಗಶಾಲೆಯಲ್ಲಿ ಅಳೆದು ಅಂಕಿಯಲ್ಲಿ ಹೇಳುವ ರೂಢಿ ಬಂದಿದೆ. ಎಂ.ಆರ್.ಐ. ಚಿತ್ರಕ್ಕೂ ಅಂಥದೇ ಅಂಕಿ ಬೇಕೆಂಬುದು ವಿಜ್ಞಾನಿಗಳ ಹಂಬಲ.

ಆ ಅಂಕಿ ಸಿಗುವುದು ನೀರಿನಿಂದ. ನಮ್ಮ ದೇಹದ ನೀರಿನ ಕಣಗಳು ಎಡೆಬಿಡದೆ ಅತ್ತಿತ್ತ ಅಲೆಯುತ್ತಿರುತ್ತವೆ. ನಿರೋಗಿಯಾದ ಗ್ರಂಥಿಯಲ್ಲಿ ಅವುಗಳಿಗೆ ಬೇಕಾದಷ್ಟು ಬಯಲು. ಕ್ಯಾನ್ಸರಿನಲ್ಲಿ ಜೀವಕೋಶಗಳು ಜಾತ್ರೆಯ ಜನದಂತೆ ಒತ್ತಿಕೊಂಡಿರುವುದರಿಂದ ಅಲೆದಾಟಕ್ಕೆ ಅಡ್ಡಿ. ಬಲವಾದ ಕಾಂತಕ್ಷೇತ್ರದೊಳಗೆ ರೇಡಿಯೋ ಅಲೆಗಳನ್ನು ಕಳಿಸಿ, ಮರಳಿ ಬರುವ ಸಂಕೇತದಿಂದ ಈ ಅಲೆದಾಟವನ್ನು ಅಳೆಯುತ್ತಾರೆ. ರೇಡಿಯೋ ಎಂದರೆ ನಮ್ಮ ಮನೆಮಾತೇ! ಇದರ ಮೂಲವಿದ್ಯೆ ಕಂಡದ್ದು 1946ರಲ್ಲಿ, ಅಮೆರಿಕದ ಬ್ಲಾಕ್ ಮತ್ತು ಪರ್ಸೆಲ್ ಅವರಿಂದ. ಐದೇ ವರ್ಷಗಳಲ್ಲಿ, 1951ರಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಈ ಸಂಕೇತ ಹೇಗೆ ಬದಲಾಗುವುದೆಂಬುದನ್ನು ಅಳೆದು ಪ್ರಕಟಿಸಿದ್ದರು. ಹರಿವು ಬೇರೆ, ಅಲೆದಾಟ ಬೇರೆ. ಆದರೂ ಚಲಿಸುವ ನೀರು ತನ್ನ ಗುರುತನ್ನು ಸಂಕೇತದಲ್ಲಿ ಬಿಡುತ್ತದೆಂಬ ಮಾತು ಎರಡಕ್ಕೂ ಸಲ್ಲುತ್ತದೆ. ಈ ಹೆಸರು ನಮ್ಮವರಿಗೇ ಅಷ್ಟಾಗಿ ತಿಳಿಯದಿರುವುದು ವಿಷಾದದ ಸಂಗತಿ.

ಅಳತೆಯ ಮಾನ, ಸೆಕೆಂಡಿಗೆ ಚದರ ಮಿಲಿಮೀಟರಿನ ಸಾವಿರದ ಒಂದು ಪಾಲು. ಗ್ರಂಥಿಯ ಹೊರ ಅಂಚು ನಿರೋಗಿಯಾಗಿದ್ದರೆ ಅಂಕಿ ಸಾಮಾನ್ಯವಾಗಿ ಒಂದೂವರೆಯ ಮೇಲಿರುತ್ತದೆ. ಕ್ಯಾನ್ಸರ್ ಇರುವಲ್ಲಿ ಬಹುಮಟ್ಟಿಗೆ ಒಂದರ ಆಸುಪಾಸಿಗೆ ಅಥವಾ ಇನ್ನೂ ಕೆಳಗೆ ಇಳಿಯುತ್ತದೆ. ಹಾಗಾದರೆ ಗೆರೆ ಎಳೆದು ತೀರ್ಪು ಕೊಡಬಹುದಲ್ಲ ಎಂದೀರಿ. ಕೊಡಲಾಗದು. ಬಾವು ಬಂದರೂ ಅಂಕಿ ಇಳಿಯುತ್ತದೆ. ಯಂತ್ರದಿಂದ ಯಂತ್ರಕ್ಕೂ ಅದು ವ್ಯತ್ಯಾಸವಾಗುತ್ತದೆ. ಸಂತೆಯ ತಕ್ಕಡಿಗೆ ಮುದ್ರೆಯ ತೂಕವಿದ್ದಂತೆ ಇಲ್ಲಿಯೂ ಒಂದು ಒರೆಗಲ್ಲು ಇದೆ, ಅದು ಬಹಳ ಸರಳವಾದದ್ದು: ಕರಗುವ ಮಂಜುಗಡ್ಡೆಯ ನಡುವೆ ಇಟ್ಟ ನೀರು. ಸೊನ್ನೆ ಡಿಗ್ರಿಯಲ್ಲಿ ಶುದ್ಧ ನೀರಿನ ಅಂಕಿ 1.1. ಯಂತ್ರ ಇದನ್ನೇ ತೋರಿಸಿದರೆ ತಕ್ಕಡಿ ಸರಿಯಿದೆಯೆಂದು ತಿಳಿಯಬೇಕು.

ಅಂಕಿಯ ಹೆಚ್ಚಿನ ಬೆಲೆ ತಿಳಿಯುವುದು ಎರಡನೆಯ ಸಲ. ಮೆಲ್ಲನೆ ಬೆಳೆಯುವ ಕ್ಯಾನ್ಸರಿಗೆ ಕೂಡಲೇ ಶಸ್ತ್ರಕ್ರಿಯೆ ಮಾಡದೆ ಕಾದು ನೋಡುವ ಪದ್ಧತಿ ಈಗ ಇದೆ. ಅಂಥವರಲ್ಲಿ ಅಂಕಿ ಇಳಿಯುತ್ತಿದೆಯೋ ನಿಂತಿದೆಯೋ ನೋಡಲು ಹಳೆಯ ಚಿತ್ರ ಬೇಕು. ಆದುದರಿಂದ ಹುಬ್ಬಳ್ಳಿಗೋ ಧಾರವಾಡಕ್ಕೋ ಚಿತ್ರ ತೆಗೆಸಲು ಹೋದಾಗ ಬರಿಯ ಕಾಗದದ ವರದಿಯನ್ನು ತರಬೇಡಿರಿ. ಚಿತ್ರಗಳೆಲ್ಲ ಇರುವ ಸಿ.ಡಿ.ಯನ್ನೂ ಕೇಳಿ ತನ್ನಿರಿ. ಸಾಧ್ಯವಾದರೆ ಮರುಸಲವೂ ಅದೇ ಯಂತ್ರಕ್ಕೆ ಹೋಗಿರಿ. ಸೂಜಿ ಚುಚ್ಚಿಸಿಕೊಂಡ ಹೊಸತರಲ್ಲಿ ಒಳಗಿನ ರಕ್ತಸ್ರಾವ ಚಿತ್ರವನ್ನು ಕೆಡಿಸುವುದರಿಂದ, ಸೂಜಿಗೆ ಮುಂಚೆಯೇ ಚಿತ್ರವಾಗುವುದು ಲೇಸು. ಇದರಲ್ಲಿ ಎಕ್ಸ್-ರೇ ಕಿರಣಗಳಿಲ್ಲ. ಯಂತ್ರ ಬಡಬಡ ಸದ್ದು ಮಾಡುತ್ತದೆ. ಅರ್ಧ ತಾಸು ಅಲುಗದೆ ಮಲಗಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಮೈಯಲ್ಲಿ ಎಲ್ಲಿಯಾದರೂ ಲೋಹದ ಚೂರು ಹೊಕ್ಕಿದ್ದರೆ, ಅದನ್ನು ಬಾಗಿಲಲ್ಲೇ ಹೇಳಬೇಕು. ಉಡಿದಾರದ ಬೆಳ್ಳಿಯನ್ನೂ ಬಿಚ್ಚಿಡಬೇಕಾಗುತ್ತದೆ. ಅದನ್ನು ಮನೆಯಲ್ಲೇ ಬಿಟ್ಟು ಹೊರಡುವುದು ಒಳ್ಳೆಯದು.