ಮೂವತ್ತು ದಿನದ ಗಡುವು

ಬೆಂಗಳೂರಿನ ಪಟ್ಟಂದೂರು ಅಗ್ರಹಾರದಲ್ಲಿ ಮೆಟ್ರೋ ಇಳಿದು ಐಟಿಪಿಎಲ್ ಟೆಕ್ ಪಾರ್ಕಿನ ಕಡೆ ಧಾವಿಸುವ ಅನೇಕರಿಗೆ ಒಂದೇ ತಿಂಗಳಲ್ಲಿ ಹೊಸ ಕೆಲಸ ಸಿಗಬೇಕು, ಬಿಡುವಿನಲ್ಲಿ ಕಟ್ಟುತ್ತಿರುವ ಆ್ಯಪ್ ಮುಗಿಯಬೇಕು, ಹೊಟ್ಟೆಯೂ ಕರಗಬೇಕು. ಮೂರಕ್ಕೂ ಒಂದೇ ಗಡುವು ಹಾಕುವುದೇ ತಪ್ಪು ಲೆಕ್ಕ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಂದು ಸಣ್ಣ ರೂಢಿ ಮೈಗೂಡಲು ಸರಾಸರಿ 66 ದಿನ ಬೇಕು. ಕೆಲವರಿಗೆ 18 ಸಾಕು, ಕೆಲವರಿಗೆ 254 ಆದೀತು. ನಡುವೆ ಒಂದು ದಿನ ತಪ್ಪಿದರೂ ಕೆಡುಕಿಲ್ಲವಂತೆ, ಸದ್ಯ!

ಗಡುವಿಲ್ಲದಿದ್ದರೆ ಹುರುಪೇ ಹುಟ್ಟದು ಎನ್ನುವವರಿದ್ದಾರೆ. ನಿಜ, ಆದರೆ ಗಡುವು ಶುರು ಮಾಡಿಸುತ್ತದೆಯೇ ಹೊರತು ಮುಂದುವರಿಸುವುದಿಲ್ಲ. ಹೊಟ್ಟೆ ಕರಗಿಸುವುದನ್ನೇ ನೋಡಿ: ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ದೈಹಿಕ ಚಟುವಟಿಕೆ. ನಿಲ್ದಾಣದಿಂದ ಕಚೇರಿಗೆ ಬಿರುಸಾಗಿ ನಡೆದರೆ ಅದರಲ್ಲೊಂದು ಪಾಲು ಸಂದಂತೆ. ಈ ತಿಂಗಳಿಗೆ ಆ ನಡಿಗೆಯೊಂದೇ ಇರಲಿ. ಕೆಲಸ ಬದಲಿಸುವ ಅವಸರಕ್ಕಂತೂ ಅರ್ಥವಿಲ್ಲ, ಎಷ್ಟೋ ಕಂಪನಿಗಳಲ್ಲಿ ನೋಟಿಸ್ ಅವಧಿಯೇ ಮೂರು ತಿಂಗಳು.