ಬೀದರಿನ ವಿಮಾನಗಳು, ನಡುವಿನ ಮೆಟ್ಟಿಲು

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡು ಎಂದು ಗುರುಗಳು ಹೇಳಿದ್ದರು. ಅದನ್ನು ಈಗ ಮಕ್ಕಳಿಗೆ ಕೈಯಲ್ಲಿರುವ ಫೋನೇ ಹೇಳಿಕೊಡುತ್ತದೆ. ಹಾಗಾಗಿ ಗುರುಗಳ ಕ್ಷಮೆ ಕೇಳಿ, ಈ ಅಂಗಳದಲ್ಲಿ ಕಲಿತ ಎಲ್ಲರೂ ತಲೆಯೆತ್ತಿ ನೋಡಿದ ಬೀದರಿನ ವಿಮಾನಗಳ ಬಗ್ಗೆ ಮಾತಾಡುತ್ತೇನೆ. ಸದ್ದು ಬಂದ ಕಡೆ ನೋಡಿದರೆ ವಿಮಾನ ಅಲ್ಲಿ ಇರುತ್ತಿರಲಿಲ್ಲ, ನೆನಪಿದೆಯೇ? ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಮೂರು ಕಿ.ಮೀ. ಮೇಲಿನ ಸದ್ದು ನಮ್ಮ ಕಿವಿ ಮುಟ್ಟುವಷ್ಟರಲ್ಲಿ ಒಂಬತ್ತು ಸೆಕೆಂಡ್ ಆಗಿರುತ್ತದೆ. ಅಷ್ಟರಲ್ಲಿ ವಿಮಾನ ಎರಡು ಕಿ.ಮೀ. ಮುಂದೆ. ಮಕ್ಕಳೇ, ಇನ್ನು ಮೇಲೆ ಸದ್ದಿನ ಮುಂದೆ ಹುಡುಕಿರಿ.

ನಮ್ಮ ಸೀಮೆಯ ಮೇಲೆ ಯುದ್ಧವಿಮಾನ ಹಾರಿದ್ದು ತರಬೇತಿಗಾಗಿ ಅಲ್ಲ, ಯುದ್ಧಕ್ಕಾಗಿಯೇ. 1948ರ ಸೆಪ್ಟೆಂಬರ್, ನಮ್ಮ ಹಿರಿಯರು ಪೊಲೀಸ್ ಆಕ್ಷನ್ ಎನ್ನುವ ದಿನಗಳು. ಸೊಲ್ಲಾಪುರದ ಕಡೆಯಿಂದ ಹೊರಟ ಸೇನೆ ನಳದುರ್ಗ, ಉಮರ್ಗಾ ದಾಟಿ ಇದೇ ನಮ್ಮ ರಾಜೇಶ್ವರಕ್ಕೆ ಬರಬೇಕಿತ್ತು. ದಾರಿಯಲ್ಲಿ ನಿಜಾಮನ ಕಡೆಯವರು ಹೊಂಚು ಹಾಕಿದ್ದು ಮೇಲಿನಿಂದ ಕಂಡಿತು. ಸೆಪ್ಟೆಂಬರ್ 14ರಂದು ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ದಾಳಿ ಮಾಡಿ ದಾರಿ ಬಿಡಿಸಿದವು. ಒಬ್ಬನೇ ಕೂರುವ, ಮೂತಿಗೆ ಫಂಕವಿದ್ದ ವಿಮಾನ ಅದು. ಮಧ್ಯಾಹ್ನದ ಹೊತ್ತಿಗೆ ರಾಜೇಶ್ವರ ಸೇನೆಯ ಕೈಗೆ ಬಂತು. ಮೂರು ದಿನ ಕಳೆದು 17ಕ್ಕೆ ನಿಜಾಮ ಶರಣಾದ. ನಾವು ಆ ರಾಜೇಶ್ವರದ ಜಾತ್ರೆ, ಬಸ್ಸು, ಬೀಗತನ ಎಲ್ಲ ಬಲ್ಲೆವು. ಈ ಸಂಗತಿ ಮಾತ್ರ ನನಗೆ ಬೆಂಗಳೂರು ಸೇರಿದ ಮೇಲೆ ತಿಳಿಯಿತು.

ಮರುವರ್ಷ, 1949ರಲ್ಲಿ, ವಾಯುಪಡೆಯ ಟ್ರೇನಿಂಗ್ ಕಮಾಂಡ್ ಹುಟ್ಟಿತು. ಅದರ ಕೇಂದ್ರ ಕಚೇರಿ ಬೆಂಗಳೂರು. ಬೇರೆ ಹೆಚ್ಚಿನ ಕಮಾಂಡ್‌ಗಳಿಗೆ ಗಡಿ ಕಾಯುವ ಕೆಲಸ. ಇದಕ್ಕೆ ಕಲಿಸುವ ಕೆಲಸ. ಬೀದರಿನ ವಾಯುನೆಲೆ ಇದರ ಅಡಿಯಲ್ಲೇ ಬರುತ್ತದೆ. ಕಲಿಯಲು ಬೇಕಾದ ವಿಮಾನಗಳನ್ನೂ ನಮ್ಮ ನಾಡಿನಲ್ಲೇ ಮಾಡಿದರು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟ್ಗೆಯವರ ಮುಂದಾಳತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಮೊದಲು ಹಾರಿದ್ದು 1951ರಲ್ಲಿ. ಬೀದರಿನ ಪ್ರಾಥಮಿಕ ಹಾರಾಟ ಶಾಲೆಯಲ್ಲಿ ಎಷ್ಟೋ ಹುಡುಗರು ಮೊದಲ ಪಾಠ ಕಲಿತದ್ದು ಅದರಲ್ಲೇ. ಆಮೇಲೆ ಬಂದದ್ದು ಅವರದೇ ಜೆಟ್ ವಿಮಾನ ಕಿರಣ್, 1964ರಲ್ಲಿ ಮೊದಲು ಹಾರಿದ್ದು. ಅದರಲ್ಲಿ ಗುರು-ಶಿಷ್ಯರು ಅಕ್ಕಪಕ್ಕ ಕೂರುತ್ತಾರೆ. 1996ರಲ್ಲಿ ಬೀದರಿನಲ್ಲಿ ಕಟ್ಟಿದ ಸೂರ್ಯಕಿರಣ ತಂಡ ಇದೇ ವಿಮಾನದಲ್ಲಿ ಒಂಬತ್ತು ಒಂಬತ್ತಾಗಿ ಹಾರಿ ಹೆಸರು ಮಾಡಿತು. ನೋಡಲು ಚೆಂದ, ಆದರೆ ಆಟವಲ್ಲ. 2006ರ ಮಾರ್ಚ್‌ನಲ್ಲಿ ಬೀದರಿನಲ್ಲೇ ಅಭ್ಯಾಸದ ವೇಳೆ ಆ ತಂಡದ ಇಬ್ಬರು ಪೈಲಟ್‌ಗಳು ತೀರಿಕೊಂಡರು.

ನಾನು ಹೇಳಬೇಕೆಂದು ಬಂದದ್ದು ಇದರ ಮುಂದಿನದು. ಕಿರಣ್ ಸೌಮ್ಯ ಸ್ವಭಾವದ ವಿಮಾನ, ಗಂಟೆಗೆ ಏಳುನೂರು ಕಿ.ಮೀ. ಅದರ ಮಿತಿ. ಮುಂದೆ ಹುಡುಗರು ಹತ್ತಬೇಕಾಗಿದ್ದದ್ದು ಮಿಗ್-21. ಅದು ಶಬ್ದದ ಎರಡು ಪಟ್ಟು ವೇಗದ್ದು. ನೆಲಕ್ಕೆ ಇಳಿಯುವಾಗಲೇ ಗಂಟೆಗೆ 300 ಕಿ.ಮೀ. ಮೀರಿರುತ್ತದೆ. ಈ ಎರಡರ ನಡುವೆ ಒಂದು ಮೆಟ್ಟಿಲು ಇರಲಿಲ್ಲ. ಹುಡುಗರು ಜಿಗಿಯಬೇಕಿತ್ತು, ಜಿಗಿದರು, ಕೆಲವರು ಮರಳಿ ಬರಲಿಲ್ಲ. ಅಪಘಾತಗಳ ಕಾರಣ ಹುಡುಕಲು ಏರ್ ಮಾರ್ಷಲ್ ಲಾ ಫಾಂಟೇನ್ ಅವರ ಸಮಿತಿ ಕೂತಿತು. ನಡುವೆ ಒಂದು ಮುಂದುವರಿದ ಜೆಟ್ ತರಬೇತಿ ವಿಮಾನ ಬೇಕೇ ಬೇಕು ಎಂದು ಅದು ಹೇಳಿದ್ದು 1982ರಲ್ಲಿ. ಬ್ರಿಟನ್ನಿನ ಹಾಕ್ ವಿಮಾನಕ್ಕೆ ಒಪ್ಪಂದವಾದದ್ದು 2004ರ ಮಾರ್ಚ್‌ನಲ್ಲಿ. ಮೊದಲ ಒಪ್ಪಂದದ 66 ವಿಮಾನಗಳಲ್ಲಿ 24 ಅಲ್ಲಿಂದ ಬರುವುದು, 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕಟ್ಟುವುದು ಎಂದು ಗೊತ್ತಾಯಿತು. ಹಾಕ್ ಎಂದರೆ ಗಿಡುಗ. ಆ ಗಿಡುಗ ಬೀದರಿನಲ್ಲಿ ವಾಯುಪಡೆ ಸೇರಿದ್ದು 2008ರ ಫೆಬ್ರವರಿ 23ಕ್ಕೆ. ಲೆಕ್ಕ ಹಾಕಿರಿ, 26 ವರ್ಷ! 1982ರಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ತಾನೇ ಪೈಲಟ್ ಆಗಿರಬಹುದಿತ್ತು. ಬೆಲೆ, ಚೌಕಾಶಿ, ಕಡತ ಎಲ್ಲ ಇದ್ದದ್ದೇ. ಆದರೂ ಇಷ್ಟು ತಡ ನನಗೆ ಇಂದಿಗೂ ಒಪ್ಪಿಗೆಯಾಗುವುದಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಬ್ಯಾಂಕಿನ ಒಂದು ಸಣ್ಣ ಪ್ರೋಗ್ರಾಮನ್ನೂ ನಡುವೆ ಪರೀಕ್ಷೆಯ ಹಂತವಿಲ್ಲದೆ ಗ್ರಾಹಕರ ಕೈಗೆ ಕೊಡುವುದಿಲ್ಲ.

ಹಾಕ್‌ನಲ್ಲಿ ಶಿಷ್ಯ ಮುಂದೆ, ಗುರು ಹಿಂದಿನ ಎತ್ತರದ ಸೀಟಿನಲ್ಲಿ. ನಿಜವಾದ ಯುದ್ಧವಿಮಾನದಲ್ಲಿ ಕೂತಂತೆಯೇ ಶಿಷ್ಯನಿಗೆ ಮುಂದಿನದೆಲ್ಲ ಕಾಣುತ್ತದೆ. ಗುರುವಿಗೆ ಶಿಷ್ಯನ ತಲೆಯ ಮೇಲಿಂದ ದಾರಿ ಕಾಣುತ್ತದೆ. 2016ರಲ್ಲಿ ದೇಶದ ಮೊದಲ ಮಹಿಳಾ ಯುದ್ಧವಿಮಾನ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಈ ಮೆಟ್ಟಿಲು ಹತ್ತಿದ್ದು ಬೀದರಿನಲ್ಲೇ. ನಮ್ಮಿಂದ ನೇರ ಗೆರೆ ಎಳೆದರೆ ಅರವತ್ತು ಕಿ.ಮೀ. ಸುಮಾರು, ಹಾಕ್‌ಗೆ ಐದು ನಿಮಿಷದ ದಾರಿ, ಹುಮನಾಬಾದ ಮೇಲೆ ಹೋಗುವ ನಮ್ಮ ಬಸ್ಸಿಗೆ ಎರಡು ತಾಸು.

ನಮ್ಮ ಶಾಲೆಯ ಮಕ್ಕಳಿಗೂ ಇಂಥದೇ ಒಂದು ಜಿಗಿತವಿದೆ. ಹತ್ತನೆಯವರೆಗೆ ಕನ್ನಡ. ಜೂನ್‌ನಲ್ಲಿ ಪಿಯುಸಿ ವಿಜ್ಞಾನಕ್ಕೆ ಹೋದರೆ ಎಲ್ಲವೂ ಇಂಗ್ಲಿಷ್. ವೇಗೋತ್ಕರ್ಷ ಎಂದು ಕಲಿತದ್ದು ಅಲ್ಲಿ ಆಕ್ಸಲರೇಶನ್ ಆಗಿ ಕೂತಿರುತ್ತದೆ. ನಾನು ಬಿ.ಇ. ತನಕ ತಲುಪಿದ್ದರೆ ಅದಕ್ಕೆ ನಮ್ಮ ವಿಜ್ಞಾನದ ಗುರುಗಳು ಕಾರಣ. ಪ್ರತಿ ಕನ್ನಡ ಪದದ ಪಕ್ಕದಲ್ಲಿ ಇಂಗ್ಲಿಷ್ ಪದವನ್ನೂ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಆ ನೋಟ್‌ಬುಕ್ಕನ್ನು ಪಿಯುಸಿಯ ಎರಡೂ ವರ್ಷ ಚೀಲದಲ್ಲಿ ಇಟ್ಟುಕೊಂಡಿದ್ದೆ. ನನ್ನ ತರಗತಿಯಲ್ಲಿ ನನಗಿಂತ ಜಾಣರಾದ ಇಬ್ಬರು ಮೊದಲ ಮೂರು ತಿಂಗಳಲ್ಲೇ ವಿಜ್ಞಾನ ಬಿಟ್ಟು ಬಂದರು. ಅವರಿಬ್ಬರೂ ಇಂದು ಇಲ್ಲೇ ಕೂತಿದ್ದಾರೆ, ಹೆಸರು ಹೇಳಿದರೆ ಬೈಯುತ್ತಾರೆ.

ಎನ್‌ಡಿಎ ಮೂಲಕ ವಾಯುಪಡೆಗೆ ಹೋಗಬೇಕೆಂದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ಹೆಣ್ಣುಮಕ್ಕಳಿಗೂ 2022ರಿಂದ ಅಲ್ಲಿ ಪ್ರವೇಶವಿದೆ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ.

ಅದಕ್ಕೇ ನಾವು ಏಳು ಮಂದಿ ಹಳೆಯ ವಿದ್ಯಾರ್ಥಿಗಳು ನಿನ್ನೆ ರಾತ್ರಿ ಕೂತು ಮಾತಾಡಿದೆವು. ಬರುವ ಬೇಸಿಗೆಯಲ್ಲಿ, ಹತ್ತನೆಯ ಪರೀಕ್ಷೆ ಮುಗಿದ ಮೇಲೆ, ಇದೇ ಶಾಲೆಯ ಕೋಣೆಯಲ್ಲಿ ಆರು ವಾರ ಬೆಳಗಿನ ತರಗತಿ ನಡೆಸುತ್ತೇವೆ. ಭೌತಶಾಸ್ತ್ರ ಮತ್ತು ಗಣಿತ, ಎರಡೂ ಭಾಷೆಯಲ್ಲಿ. ಬೆಂಗಳೂರು, ಪುಣೆಯಲ್ಲಿರುವವರು ಒಬ್ಬೊಬ್ಬರು ಒಂದೊಂದು ವಾರ ರಜೆ ಹಾಕಿ ಬರುತ್ತೇವೆ. ಐದು ವಾರಕ್ಕೆ ಜನ ಸಿಕ್ಕಿದ್ದಾರೆ. ಮೇ ತಿಂಗಳ ಕೊನೆಯ ವಾರ ಖಾಲಿ ಇದೆ. ಊಟದ ಮೊದಲು ಯಾರಾದರೂ ಬಂದು ಹೆಸರು ಬರೆಸಿರಿ, ಪಟ್ಟಿ ಮುಖ್ಯ ಗುರುಗಳ ಮೇಜಿನ ಮೇಲಿದೆ.